ಐದು ಸೇರಿನ ಪದ

ಕಲ್ಲುಗುಡ್ಡೆ, ಬಿಸಿಲೆ ದಾರಿ
3 ಜೂನ್ 2024

ಶಾಂತಮಲ್ಲಪ್ಪನಿಗೆ,

ನಾಲ್ಕನೇ ಕ್ಲಾಸಿನಲ್ಲಿ ಸ್ಲೇಟು ಒಡೆದು ಮನೆಗೆ ಬಂದವನ ಕೈಗೆ ಎಪ್ಪತ್ತೊಂದನೇ ವಯಸ್ಸಿನಲ್ಲಿ ಪೆನ್ನು ಹಿಡಿಸಿದ್ದಾಳೆ ನಿನ್ನ ಮಗಳು. ಗುಂಡಿ ತೋಡು ಅಂದಿದ್ದರೆ ಖುಷಿಯಿಂದ ತೋಡುತ್ತಿದ್ದೆ. ಎರಡು ಸಾಲಿಗೇ ಹೆಬ್ಬೆರಳು ನೋಯುತ್ತಿದೆ. ಅಕ್ಷರ ಸೊಟ್ಟಗಿದ್ದರೆ ಹಾಗೇ ಓದಿಕೋ, ತಿದ್ದಬೇಡ. ತಿದ್ದುವುದು ನಿನಗೆ ಮೊದಲಿಂದಲೂ ಇರುವ ರೋಗ.

ನಿನ್ನೆ ಭಾನುವಾರ ಹೇಮಶ್ರೀ ಬಂದಿದ್ದಳು. ನಾನು ಜಗುಲಿಯಲ್ಲಿ ಕತ್ತಿ ಮಸೆಯುತ್ತಿದ್ದೆ.

"ಅಪ್ಪಂಗೆ ಫೆಬ್ರವರೀಲಿ ಸ್ಟ್ರೋಕ್ ಆಯ್ತು ಮಾಮ. ಬಲಗೈ ಬಿದ್ದೋಗಿದೆ. ನಾವು ಹೇಳಿದ್ದೆಲ್ಲ ಅರ್ಥ ಆಗುತ್ತೆ, ಮಾತು ಮಾತ್ರ ಬರಲ್ಲ. ಹಳಬರು ಬಂದು ಮಾತಾಡಿಸಿದ್ರೆ ಒಳ್ಳೇದು ಅಂದ್ರು ಡಾಕ್ಟ್ರು. ಒಂದ್ಸಲ ಆಲೂರಿಗೆ ಬನ್ನಿ" ಅಂದಳು.

"ಬರಾಕಿಲ್ಲ ಮಗಾ. ನಂಗೂ ನಿಮ್ಮಪ್ಪಂಗೂ ಮಾತಿಲ್ಲ. ಚೌಡಮ್ಮನ ಕಲ್ಲಿನ ಮುಂದೆ ಆಣೆ ಆಗೈತೆ" ಅಂದೆ.

"ಆಣೆ ಮಾತಿಗೆ ತಾನೆ? ಬರಿಯಲ್ಲ ಅಂತ ಆಣೆ ಮಾಡಿಲ್ವಲ್ಲ" ಅಂದು, ಸ್ಟಾಂಪು ಹಚ್ಚಿದ ಇಪ್ಪತ್ತು ಕವರು, ಒಂದು ನೋಟ್‌ಬುಕ್ಕು ಜಗುಲಿ ಮೇಲಿಟ್ಟು ಎದ್ದು ಹೋದಳು. ಒಳಗೆ ನನ್ನ ಹೆಂಡತಿ ಚೆಲುವಮ್ಮ ನಕ್ಕದ್ದು ಹೊರಗೆ ಕೇಳಿಸಿತು.

ಬರೆಯುವುದೇ ಆದರೆ ಮೊದಲಿಂದ ಬರೆಯುತ್ತೇನೆ. ನಿನಗೆ ನೆನಪಿರಬಹುದು, ನಿನ್ನ ಮಗಳೂ ಓದಲಿ.

2002ನೇ ಇಸವಿ. ನೀನು ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ನಾನು ಆಳುಗಳ ಮೇಸ್ತ್ರಿ. ಕಾಫಿ ಹಣ್ಣಾಗುವ ಮುಂಚೆ ಫಸಲಿನ ಅಂದಾಜು ಹೇಳುವುದು ನನ್ನ ಕೆಲಸ. ಮೂರು ದಿನ ತೋಟ ಸುತ್ತಿ, ಗಿಡ ಗಿಡಕ್ಕೆ ಕೈ ಹಾಕಿ ನೋಡಿ ಬಂಗಲೆಗೆ ಬಂದೆ. ಸಾಹುಕಾರರ ಜತೆ ಆವತ್ತು ಆರು ಜನ ನೆಂಟರಿದ್ದರು. "ಆರುನೂರ ನಲವತ್ತು ಮೂಟೆ" ಅಂದೆ. ಸಾಹುಕಾರರು ನೆಂಟರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಅಂದರು. ಪುಸ್ತಕ ಹಿಡಿದು ನಿಂತಿದ್ದ ನೀನು ಬಾಯಿ ತೆರೆದು ಒಂದು ಪದ ಹೇಳಿದೆ. ಒಂದೇ ಪದ. ಎಡಕುಮೇರಿಯ ಸುರಂಗದಲ್ಲಿ ಗೂಡ್ಸ್ ರೈಲು ದಾಟುವಷ್ಟು ಹೊತ್ತು ಹೇಳಿದೆ. ಸಾಹುಕಾರರು ಹೊಟ್ಟೆ ಹಿಡಿದು ನಕ್ಕರು, ಆರು ಜನ ನೆಂಟರೂ ನಕ್ಕರು. ಕಾಫಿ ತಂದ ಅಡುಗೆಯವನೂ ನಕ್ಕ. ನಾನು ನಿನ್ನ ಮುಖ ನೋಡಿದೆ. ನೀನು ಪುಸ್ತಕ ನೋಡಿದೆ.

ಸಂಜೆ ಸ್ಟೋರಿನ ಹತ್ತಿರ ಹಿಡಿದು ಕೇಳಿದೆ, "ಏನಂದೆಯೋ ನನ್ನ?" ಅಂತ. ನೀನು ಹೇಳಿದ್ದು ಇಷ್ಟು: "ಮೊದ್ಲು ಅದನ್ನ ನಿನ್ ಬಾಯಲ್ಲಿ ಹೇಳು. ಹೇಳಿದ ದಿನ ಅರ್ಥ ಹೇಳ್ತೀನಿ." ನಿನ್ನನ್ನು ಎಳೆದುಕೊಂಡು ಹೋಗಿ ಚೌಡಮ್ಮನ ಕಲ್ಲಿನ ಮೇಲೆ ಕೈಯಿಟ್ಟೆ. ಆ ಪದ ನಾನು ಇಲ್ಲಿ ನಿಂತು ತಪ್ಪಿಲ್ಲದೆ ಹೇಳಿ, ನೀನು ಅರ್ಥ ಹೇಳುವವರೆಗೆ ನಮ್ಮಿಬ್ಬರಿಗೆ ಮಾತಿಲ್ಲ ಅಂದೆ. ನೀನೂ ಕೈಯಿಟ್ಟೆ.

ಆಮೇಲೆ ಆರು ವರ್ಷ ಅದೇ ಎಸ್ಟೇಟಿನಲ್ಲಿ ಸ್ಟೋರಿನ ಆಳು ಗುಂಡಯ್ಯನನ್ನು ನಡುವೆ ನಿಲ್ಲಿಸಿಕೊಂಡು ಕೆಲಸ ಮಾಡಿದೆವು. "ಗುಂಡಯ್ಯ, ರೈಟರಿಗೆ ಹೇಳು, ಐದನೇ ಬ್ಲಾಕಿಗೆ ಆಳು ಸಾಲಲ್ಲ ಅಂತ." ನೀನು ಎರಡು ಮಾರು ದೂರದಲ್ಲಿ ನಿಂತಿರುತ್ತಿದ್ದೆ. "ಗುಂಡಯ್ಯ, ಮೇಸ್ತ್ರಿಗೆ ಹೇಳು, ಕೇಳ್ತು ಅಂತ." ಕೂಲಿ ಲೈನಿನ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಆಣೆ ಮಾಡಿದ ವರ್ಷ ಬಂದ ಫಸಲು ಆರುನೂರ ಮೂವತ್ತೆಂಟು ಮೂಟೆ. ಬರೆದುಕೊಂಡವನು ನೀನೇ.

ಈಗ ನಿನ್ನ ಬಾಯಿ ಕಟ್ಟಿದೆ. ನೀನು ಅರ್ಥ ಹೇಳದೆ ಹೋದರೆ, ಅಥವಾ ನಾನು ಪದ ಹೇಳದೆ ಹೋದರೆ, ಆಣೆ ಆ ಕಲ್ಲಿನ ಮೇಲೇ ಉಳಿಯುತ್ತದೆ. ನನಗೆ ಅದು ಆಗದು. ಆ ಪದ ಕನ್ನಡ ಅಕ್ಷರದಲ್ಲಿ ಬರೆಸಿ ಕಳಿಸು. ಅರ್ಥ ಬೇಡ. ಅರ್ಥ ನಿನ್ನ ಬಾಯಿಂದಲೇ ಬರಬೇಕು.

ಇತಿ,
ರಂಗಸ್ವಾಮಿ, ಮಾಜಿ ಮೇಸ್ತ್ರಿ


ಆಲೂರು
12 ಜೂನ್ 2024

ರಂಗಸ್ವಾಮಿ ಮಾಮನಿಗೆ ಹೇಮಶ್ರೀ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ಗುಂಡಯ್ಯನ ಮಾತು ಬಂದಾಗ ನಕ್ಕರು. ಫೆಬ್ರವರಿಯಿಂದ ಈಚೆಗೆ ಅವರು ನಕ್ಕದ್ದು ಅದೇ ಮೊದಲು. ಬಾಯಿ ಒಂದು ಕಡೆಗೆ ಎಳೆಯುತ್ತದೆ, ಹಾಗಾಗಿ ನಗುವಾಗ ಟವೆಲು ಅಡ್ಡ ಹಿಡಿಯುತ್ತಾರೆ.

ವಾರಕ್ಕೆರಡು ದಿನ ಮಾತು ಕಲಿಸುವ ಹುಡುಗಿ ಬರುತ್ತಾಳೆ, ಸ್ನೇಹಾ ಅಂತ. ಚಿತ್ರ ತೋರಿಸಿ "ನೀರು ಅನ್ನಿ ಅಜ್ಜಾ, ಮನೆ ಅನ್ನಿ" ಅನ್ನುತ್ತಾಳೆ. ಅಪ್ಪ ಮುಖ ತಿರುಗಿಸಿ ಕೂರುತ್ತಾರೆ. ಇಂಗ್ಲಿಷಿನ ಇಡೀ ಡಿಕ್ಷನರಿಯಲ್ಲಿ ಯಾರೂ ಬಳಸದ ಪದಗಳನ್ನು ಹುಡುಕಿ ಹುಡುಕಿ ಬಾಯಿಪಾಠ ಮಾಡಿದ ಮನುಷ್ಯ. ನಾನು ಚಿಕ್ಕವಳಿದ್ದಾಗ ನನಗೆ ಸ್ನಾನ ಮಾಡಿಸುತ್ತ ಆ ಪದಗಳನ್ನೇ ಹೇಳುತ್ತಿದ್ದರು. ಈಗ "ನೀರು" ಅನ್ನುವುದಕ್ಕೂ ಆಗದೆ, ಅನ್ನು ಎಂದರೆ ಅವಮಾನವೂ ಆಗಿ ಕೂತಿದ್ದಾರೆ.

ನೀವು ಕೇಳಿದ ಪದವನ್ನು ಡಿಕ್ಷನರಿಯಲ್ಲಿ ಅವರೇ ಎಡಗೈಯಲ್ಲಿ ತೆಗೆದು ತೋರಿಸಿದರು. ಪುಟ ಹುಡುಕಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್.

ಅರ್ಥವನ್ನೂ ಬರೆದುಬಿಡುತ್ತೇನೆ ಎಂದೆ. ನನ್ನ ಕೈಯಿಂದ ಪೆನ್ನು ಕಿತ್ತುಕೊಂಡರು.

ನಿಮ್ಮ,
ಹೇಮಶ್ರೀ


ಕಲ್ಲುಗುಡ್ಡೆ
30 ಜೂನ್ 2024

ಶಾಂತಮಲ್ಲಪ್ಪನಿಗೆ,

ಇದು ಪದವೇ ಮಾರಾಯ? ಇದನ್ನು ಬಾಯಲ್ಲಿ ಇಟ್ಟುಕೊಂಡು ನೀನು ಅನ್ನ ಹೇಗೆ ತಿಂದೆ?

ಹತ್ತು ದಿನ ಒದ್ದಾಡಿದೆ. ಚೀಟಿ ಜೇಬಿನಲ್ಲಿಟ್ಟುಕೊಂಡು ಗದ್ದೆಗೆ ಹೋದೆ, ಹಟ್ಟಿಗೆ ಹೋದೆ. ಫ್ಲಾಕ್ಸಿ ಅಂದರೆ ನಾಸಿ ಮರೆಯುತ್ತದೆ, ನಾಸಿ ಅಂದರೆ ನಿಹಿಲಿ ಓಡಿ ಹೋಗುತ್ತದೆ. ಹಸುವಿನ ಹಾಲು ಕರೆಯುವಾಗ ಹೇಳಿದ್ದಕ್ಕೆ ಅದು ಒದ್ದು ಚೊಂಬು ಉರುಳಿಸಿತು. ಚೆಲುವಮ್ಮ ಅಂದಳು, "ಹಸಕ್ಕೂ ಇಂಗ್ಲೀಷಲ್ಲಿ ಬೈತೀರಲ್ಲ, ಅದೇನ್ ತಪ್ಪು ಮಾಡ್ತು?"

ಮೊನ್ನೆ ಅಗೆ ಹಾಕಲು ಬಿತ್ತನೆ ಭತ್ತ ಅಳೆಯುತ್ತಿದ್ದೆ. ಸೇರು ತುಂಬಿ ಸುರಿಯುತ್ತ, "ಲಾಭಾ… ಲಾಭಾ… ಲಾಭಾ…" ಮುಂದಿನ ಸೇರು ಏಳುವವರೆಗೆ ಅದನ್ನೇ ಎಳೆಯುವುದು. "ಎರಡೂ… ಎರಡೂ…" ಆಗ ಹೊಳೆಯಿತು. ಸಾವಿರ ಸೇರು ಅಳೆದರೂ ನನಗೆ ಲೆಕ್ಕ ತಪ್ಪಿಲ್ಲ. ಯಾಕೆ? ಇಡೀ ರಾಶಿಯನ್ನು ಯಾರೂ ತಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಕೈಯಲ್ಲಿರುವ ಒಂದು ಸೇರು ಮಾತ್ರ. ಇದನ್ನೂ ಅಳೆದರೆ ಏನು ಅಂದುಕೊಂಡೆ.

ಅಳೆದೆ. ನಿನ್ನ ಪದ ಬರೋಬ್ಬರಿ ಐದು ಸೇರು. ಫ್ಲಾಕ್ಸೀ… ಫ್ಲಾಕ್ಸೀ… ಇದು ಲಾಭ. ನಾಸೀ… ಎರಡು. ನಿಹಿಲೀ… ಮೂರು. ಪಿಲೀ… ನಾಲ್ಕು. ಘಟ್ಟದ ಕೆಳಗಿನ ಆಳುಗಳು ಹುಲಿಗೆ ಪಿಲಿ ಅನ್ನುತ್ತಿದ್ದರಲ್ಲ, ಹಾಗಾಗಿ ಅಲ್ಲಿ ಮರೆಯುವುದಿಲ್ಲ. ಫಿಕೇಷನ್ ಐದು. ಮೂಟೆ ಬಾಯಿ ಕಟ್ಟು.

ಇಪ್ಪತ್ತೆರಡು ವರ್ಷ ನನ್ನ ಗಂಟಲಲ್ಲಿ ಕೂತಿದ್ದು ಒಂದು ಮಧ್ಯಾಹ್ನಕ್ಕೆ ಹೊರಗೆ ಬಂತು. ಈಗ ಹಿಂದಿನಿಂದಲೂ ಹೇಳಬಲ್ಲೆ.

ಇನ್ನು ನಿನ್ನ ವಿಷಯ. "ನೀರು, ಮನೆ" ಬಿಡು, ಅದು ಅಂಗನವಾಡಿಯವರಿಗೆ. ಹೇಮಶ್ರೀ, ನೀನು ಕೇಳು. ಒಂದು ಚೀಲ ರಾಗಿ, ಒಂದು ಸೇರು ನಿಮ್ಮಪ್ಪನ ಎದುರಿಗಿಟ್ಟು ಅಳೆ. ಶನಿವಾರ ಶನಿವಾರ ಸ್ಟೋರಿನಲ್ಲಿ ಆಳುಗಳಿಗೆ ಪಡಿ ಅಕ್ಕಿ ಅಳೆದವನು ನಾನು, ಎದುರು ಕುರ್ಚಿಯಲ್ಲಿ ಕೂತು ಗೀಟು ಹಾಕಿದವನು ಅವನು. ಇಪ್ಪತ್ತೈದು ವರ್ಷ. ಮಾತು ಬಿಟ್ಟ ಮೇಲೂ ಆರು ವರ್ಷ. ಅಳತೆಯ ಎಣಿಕೆ ಮಾತಲ್ಲ. ಅದು ಧಾನ್ಯಕ್ಕೆ ಹೇಳುವುದು, ಮನುಷ್ಯನಿಗಲ್ಲ. ಅದು ಅವನ ಕಿವಿಯಲ್ಲಿ ಇನ್ನೂ ಇರಲೇಬೇಕು.

ಇತಿ,
ರಂಗಸ್ವಾಮಿ


ಆಲೂರು
13 ಜುಲೈ 2024

ಮಾಮನಿಗೆ ನಮಸ್ಕಾರಗಳು.

ನೀವು ಹೇಳಿದಂತೆ ಮಾಡಿದೆ. ನಾನು ಸೇರು ತುಂಬಿ "ಒಂದು, ಎರಡು" ಎಂದು ಎಣಿಸುತ್ತ ಸುರಿದೆ. ಅಪ್ಪ ಒಂದು ನಿಮಿಷ ನೋಡಿದರು. ಆಮೇಲೆ ಸೇರನ್ನು ಕಿತ್ತುಕೊಂಡು ಅಂಗಳಕ್ಕೆ ಎಸೆದರು. ಮರುದಿನವೂ ಹಾಗೇ. ಈಗ ರಾಗಿ ಚೀಲ ಕಂಡರೆ ಗೋಡೆ ಕಡೆ ಮುಖ ಮಾಡುತ್ತಾರೆ. ನಿನ್ನೆ ಸ್ನೇಹಾಳನ್ನೂ ಒಳಗೆ ಬಿಡಲಿಲ್ಲ. ಆರು ತಿಂಗಳೊಳಗೆ ಬಂದಷ್ಟು ಸಲೀಸಾಗಿ ಮಾತು ಆಮೇಲೆ ಬರುವುದಿಲ್ಲ ಎಂದು ಅವಳು ಹೇಳಿ ಹೋದಳು. ಐದು ತಿಂಗಳು ಕಳೆದಿದೆ. ಏನು ಮಾಡಬೇಕೋ ತಿಳಿಯುತ್ತಿಲ್ಲ.

ಹೇಮಶ್ರೀ


ಕಲ್ಲುಗುಡ್ಡೆ
18 ಜುಲೈ 2024

ಹೇಮಶ್ರೀಗೆ,

ಒಂದು ಅಂದೆಯಾ? ಯಾವ ಊರಿನಲ್ಲಿ ಅಳತೆ ಒಂದರಿಂದ ಶುರುವಾಗುತ್ತದೆ? ಮಕ್ಕಳಿಗೆ ಪಾಠ ಹೇಳುವ ಟೀಚರಮ್ಮ ನೀನು! ಮೊದಲ ಸೇರು ಲಾಭ. ಲಾಭ ಅನ್ನದೆ ಸುರಿದರೆ ಅದು ಅಳತೆಯಲ್ಲ, ಚೆಲ್ಲುವುದು. ಅವನು ಎಸೆದದ್ದು ಸರಿಯಾಗಿದೆ. ನಾನಾಗಿದ್ದರೆ ಚೀಲವನ್ನೂ ಎಸೆಯುತ್ತಿದ್ದೆ.

ಅವನಿಗೆ ಬುದ್ಧಿ ನೆಟ್ಟಗಿದೆ ಎಂದು ಇದರಿಂದಲೇ ಗೊತ್ತಾಯಿತು.

28ನೇ ತಾರೀಕು ಭಾನುವಾರ ನಾನೇ ಬರುತ್ತೇನೆ, ಮಳೆಗೆ ದಾರಿ ಉಳಿದಿದ್ದರೆ. ಅವನ ಜತೆ ಮಾತಾಡುವುದಿಲ್ಲ. ಅವನ ಕಡೆ ನೋಡುವುದೂ ಇಲ್ಲ. ರಾಗಿ ಚೀಲ ಪಡಸಾಲೆಯಲ್ಲಿ ಇರಲಿ. ನನಗೆ ಊಟ ಬೇಡ, ಕಾಫಿ ಕೊಡು, ಸಕ್ಕರೆ ಹಾಕಬೇಡ.

ರಂಗಸ್ವಾಮಿ


ಕಲ್ಲುಗುಡ್ಡೆ
31 ಜುಲೈ 2024

ಶಾಂತಮಲ್ಲಪ್ಪನಿಗೆ,

ಮೊನ್ನೆ ನಿನ್ನ ಮನೆಗೆ ಬಂದಿದ್ದೆ. ನಿನ್ನ ಜತೆ ಮಾತಾಡಲಿಲ್ಲ. ಅದನ್ನು ಮೊದಲು ಒಪ್ಪಿಕೋ.

ನಿನಗೆ ಬೆನ್ನು ಹಾಕಿ ಕೂತದ್ದು ಸೊಕ್ಕಿಗಲ್ಲ. ಮುಖ ನೋಡಿದರೆ ಬಾಯಿ ತಪ್ಪಿ ಏನಾದರೂ ಅಂದುಬಿಡುತ್ತೇನೆ ಅನ್ನುವ ಹೆದರಿಕೆಗೆ. ಬಾಗಿಲಲ್ಲಿ ಒಂದು ಸಲ ಕಂಡೆ. ಎಷ್ಟು ಇಳಿದುಹೋಗಿದ್ದೀಯ.

ಲಾಭದಿಂದ ಶುರು ಮಾಡಿದೆ. ಮೂರಾಯಿತು, ನಾಲ್ಕಾಯಿತು. ಹಿಂದಿನಿಂದ ಸದ್ದಿಲ್ಲ. ಇವನು ಗೋಡೆ ನೋಡುತ್ತಿದ್ದಾನೆ ಎಂದುಕೊಂಡೆ. ಒಂಬತ್ತಕ್ಕೆ ಬರುವಷ್ಟರಲ್ಲಿ ರಾಗಿ ದೂಳು ಗಂಟಲಿಗೆ ಹೊಕ್ಕಿತು. ಬೇಕೆಂದು ಮಾಡಿದ್ದಲ್ಲ, ಚೌಡಮ್ಮನಾಣೆ. ಕೆಮ್ಮಿದೆ ನೋಡು, ಕಣ್ಣಲ್ಲಿ ನೀರು ಬಂತು, ಎಣಿಕೆ ನಿಂತಿತು. ಎಣಿಕೆ ನಡುವೆ ನಿಲ್ಲಬಾರದು. ಸ್ಟೋರಿನಲ್ಲಿ ನನಗೆ ಕೆಮ್ಮು ಬಂದಾಗಲೆಲ್ಲ ನೀನು ಕುರ್ಚಿಯಿಂದಲೇ ಆ ಅಂಕಿ ಹಿಡಿದಿರುತ್ತಿದ್ದೆ, ನಾನು ಸುಧಾರಿಸಿಕೊಳ್ಳುವವರೆಗೆ. ನೆನಪಿದೆಯಾ?

ಹಿಂದಿನಿಂದ ಬಂತು.

"ಒಂಬತ್ತೂ… ಒಂಬತ್ತೂ… ಒಂಬತ್ತೂ…"

ನಿನ್ನದೇ ಗಂಟಲು. ಸ್ವಲ್ಪ ಸವೆದಿತ್ತು, ಅಷ್ಟೇ. ಅಡುಗೆಮನೆಯಲ್ಲಿ ನಿನ್ನ ಮಗಳು ಲೋಟ ಕೆಡವಿದ ಶಬ್ದ ಬಂತು. ನಾನು ತಿರುಗಲಿಲ್ಲ. ಹತ್ತು ಅಂದೆ, ನೀನೂ ಹತ್ತು ಅಂದೆ. ನಲವತ್ತರವರೆಗೆ ಇಬ್ಬರೂ ಹೋದೆವು. ಚೀಲ ಮುಗಿಯಿತು. ರಾಗಿ ಮತ್ತೆ ಚೀಲಕ್ಕೆ ತುಂಬಿ ಮತ್ತೆ ಅಳೆದೆ. ಮೂರನೇ ಸಲಕ್ಕೆ ಆ ಪದವನ್ನೇ ಸುರಿದೆ. ನೀನು ನಿಹಿಲಿವರೆಗೆ ಬಂದು ನಿಂತೆ. ಹುಲಿ ಹತ್ತಿರ ಹೆದರಿದೆ. ಇರಲಿ.

ಬಸ್ಸಿನಲ್ಲಿ ಬಾಳ್ಳುಪೇಟೆವರೆಗೂ ನಾನು ಕಿಟಕಿ ಕಡೆಯೇ ಮುಖ ಮಾಡಿ ಕೂತಿದ್ದೆ. ಯಾಕೆ ಎಂದು ಕೇಳಬೇಡ.

ದಿನಕ್ಕೆ ಎರಡು ಸಲ ಅಳೆ. ಎಡಗೈಯಲ್ಲಿ ಸೇರು ಹಿಡಿ. ಚೆಲ್ಲಿದರೆ ಕೋಳಿ ತಿನ್ನುತ್ತವೆ.

ಇತಿ,
ರಂಗಸ್ವಾಮಿ


ಆಲೂರು
24 ಆಗಸ್ಟ್ 2024

ಮಾಮನಿಗೆ ನಮಸ್ಕಾರಗಳು.

ಸ್ನೇಹಾ ಅಪ್ಪನ ಅಳತೆಯನ್ನು ನೋಡಿದಳು. ಮಾತು ಹೋದವರಿಗೂ ಕೆಲವು ಸಲ ಹಾಡು ಉಳಿದಿರುತ್ತದಂತೆ, ಈ ಎಣಿಕೆಯೂ ಹಾಡಿನ ಹಾಗೇ ಎಂದಳು. ತನ್ನ ಚಿತ್ರಗಳನ್ನು ಚೀಲಕ್ಕೆ ಹಾಕಿಕೊಂಡು, "ಅಜ್ಜಾ, ಇವತ್ತು ನೀವೇ ಪದ ಆರಿಸಿ" ಅಂದಳು. ಅಪ್ಪ ಡಿಕ್ಷನರಿ ತೆಗೆದದ್ದನ್ನು ನೀವು ನೋಡಬೇಕಿತ್ತು!

ಮೊದಲು ಆಂಟಿಡಿಸ್‌ಎಸ್ಟಾಬ್ಲಿಷ್‌ಮೆಂಟೇರಿಯನಿಸಂ. ಏಳು ಸೇರು. ನಾಲ್ಕು ದಿನ ಹಿಡಿಯಿತು. ಆಮೇಲೆ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯ ಹೆಸರೊಂದಿದೆ, ನಲವತ್ತೈದು ಇಂಗ್ಲಿಷ್ ಅಕ್ಷರ. ನ್ಯೂಮೊನೊ ಎಂದು ಶುರುವಾಗಿ ಕೋನಿಯೋಸಿಸ್ ಎಂದು ಮುಗಿಯುತ್ತದೆ, ನಡುವೆ ಒಂದು ಜ್ವಾಲಾಮುಖಿಯೂ ಇದೆ. ಹನ್ನೆರಡು ಸೇರು. ನಿನ್ನೆ ಅದನ್ನು ಮುಗಿಸಿ ಚೀಲದ ಮೇಲೆ ಕೈ ಬಡಿದರು. ಆ ಗುಂಗಿನಲ್ಲೇ "ಹೇಮಾ, ನೀರು" ಎಂದರು. ನಾನು ತಂದುಕೊಡುವುದನ್ನೂ ಮರೆತು ನಿಂತಿದ್ದೆ.

ಆದರೆ ಮಾಮ, ಕಲ್ಲುಗುಡ್ಡೆಗೆ ಹೋಗೋಣ, ಆಣೆ ಬಿಡಿಸಿಕೊಂಡು ಬನ್ನಿ ಎಂದರೆ ಒಪ್ಪುತ್ತಿಲ್ಲ. ಪಾಟಿಯ ಮೇಲೆ ಎಡಗೈಯಲ್ಲಿ "ಬೇಡ" ಎಂದು ಬರೆದರು. ಕೆಳಗೆ ಇನ್ನೊಂದು ಸಾಲು: "ಎಲ್ಲರೂ ನೋಡ್ತಾರೆ."

ಹೇಮಶ್ರೀ


ಕಲ್ಲುಗುಡ್ಡೆ
2 ಸೆಪ್ಟೆಂಬರ್ 2024

ಶಾಂತಮಲ್ಲಪ್ಪನಿಗೆ,

ಎಲ್ಲರೂ ನೋಡುತ್ತಾರಾ? ನೋಡಲಿ! ಬಂಗಲೆ ಜಗುಲಿಯಲ್ಲಿ ನಾನು ನಿಂತಿದ್ದಾಗ ಎಲ್ಲರೂ ನೋಡಲಿಲ್ಲವಾ? ನಾನು ಸತ್ತೆನಾ? ನಿನ್ನ ಬಾಯಿ ಸೊಟ್ಟಗಿದ್ದರೆ ನನ್ನ ಎಡಗಾಲು ಸೊಟ್ಟಗಿದೆ, ಗುಂಡಯ್ಯನಿಗೆ ಕಿವಿ ಮುಕ್ಕಾಲು ಹೋಗಿದೆ. ನೆಟ್ಟಗಿರುವವರು ಯಾರೂ ಉಳಿದಿಲ್ಲ, ಯಾರ ಮುಂದೆ ನಾಚಿಕೊಳ್ಳುತ್ತೀಯ?

ನಿನ್ನ ಮಗಳು ಇನ್ನೊಂದು ಚೀಟಿ ಕಳಿಸಿದ್ದಳು. ಹಿಪೊಪೊಟೊಮಾನ್‌ಸ್ಟ್ರೋಸೆಸ್ಕ್ವಿಪೆಡಾಲಿಯೋಫೋಬಿಯಾ. ಉದ್ದ ಪದ ಕಂಡರೆ ಹೆದರುವ ಕಾಯಿಲೆಯಂತೆ. ಆ ಕಾಯಿಲೆಯವನಿಗೆ ಕಾಯಿಲೆಯ ಹೆಸರು ಹೇಳಿದರೆ ಅಲ್ಲೇ ಪ್ರಾಣ ಬಿಡುತ್ತಾನೆ. ಇದನ್ನು ಇಟ್ಟ ಪುಣ್ಯಾತ್ಮ ಯಾರೋ, ನನ್ನ ಕೈಗೆ ಸಿಕ್ಕಿದ್ದರೆ ಒಂದು ವಾರ ಕಳೆ ತೆಗೆಸುತ್ತಿದ್ದೆ.

ಇಲ್ಲಿಯ ಸುದ್ದಿ ಕೇಳು. ನಾನು ಗೊಣಗುವುದು ಕೇಳಿ ಕೇಳಿ ಲೈನಿನ ಹೆಂಗಸರು ಕಲಿತುಬಿಟ್ಟಿದ್ದಾರೆ. ಕಳೆ ಕೀಳುವಾಗ ಈ ಸಾಲಿನವರು ಫ್ಲಾಕ್ಸೀ ಅಂದರೆ ಆ ಸಾಲಿನವರು ನಾಸೀ ಅನ್ನುತ್ತಾರೆ. ನಿನ್ನ ಕುರ್ಚಿಯಲ್ಲಿ ಈಗ ಶೃತಿ ಅಂತ ಒಂದು ಹುಡುಗಿ ರೈಟರು. ಕಂಪ್ಯೂಟರು ಇಟ್ಟುಕೊಂಡಿದ್ದಾಳೆ. "ತಾತ, ಇದು ಡಿಗ್ರಿ ಓದಿದ ನಂಗೇ ಬರಲ್ಲ, ಕೆಂಚಮ್ಮಂಗೆ ಬರ್ತೈತಲ್ಲ!" ಎಂದು ಬಾಯಿ ಬಿಡುತ್ತಾಳೆ. ಕೆಂಚಮ್ಮ ಹೆಬ್ಬೆಟ್ಟು, ನಿನಗೆ ಗೊತ್ತಲ್ಲ. "ನಮ್ ರೈಟರಪ್ಪನ ಪದ ಕಣವ್ವ ಇದು" ಎಂದು ಅವಳಿಗೆ ಜಂಬ. ನೀನು ಸುಮ್ಮನೆ ಆಲೂರಿನಲ್ಲಿ ಟವೆಲು ಹಿಡಿದು ಕೂತಿದ್ದೀಯ, ನಿನ್ನ ಪದ ಇಲ್ಲಿ ತೋಟದ ತುಂಬ ಓಡಾಡುತ್ತಿದೆ.

ಅಕ್ಟೋಬರ್ 25, ಶುಕ್ರವಾರ. ಚೌಡಮ್ಮನ ಕಲ್ಲಿನ ಹತ್ತಿರ ನಾನಿರುತ್ತೇನೆ. ನೀನು ಬಾರದೆ ಹೋದರೆ ನಾನು ಆ ಪದ ಕಲ್ಲಿಗೆ ಹೇಳಿ ಮನೆಗೆ ಹೋಗುತ್ತೇನೆ, ಅರ್ಥ ಹೇಳದೆ ಓಡಿದವನು ನೀನು ಎಂದು ಊರೆಲ್ಲ ತಿಳಿಯುತ್ತದೆ.

ಇತಿ,
ರಂಗಸ್ವಾಮಿ


ಕಲ್ಲುಗುಡ್ಡೆ
27 ಅಕ್ಟೋಬರ್ 2024

ಹೇಮಶ್ರೀಗೆ,

ಸ್ಕೂಲಿನಲ್ಲಿ ಪರೀಕ್ಷೆ ಎಂದು ನೀನು ಬರಲಿಲ್ಲ. ನಿಮ್ಮಪ್ಪ ಮನೆಗೆ ಬಂದು ಎಷ್ಟು ಹೇಳಿದನೋ, ಅದರಲ್ಲಿ ಎಷ್ಟು ಬಿಟ್ಟನೋ. ನಾನು ಪೂರ್ತಿ ಬರೆಯುತ್ತೇನೆ. ಈಗ ಹೆಬ್ಬೆರಳಿಗೂ ಅಭ್ಯಾಸವಾಗಿದೆ.

ಹತ್ತೂವರೆಗೆ ಬಾಡಿಗೆ ಜೀಪು ಬಂತು. ಇಳಿದ. ಕೈಯಲ್ಲಿ ಕೋಲು, ಹೆಗಲ ಮೇಲೆ ಟವೆಲು. ಲೈನಿನವರು, ಶೃತಿ, ಗುಂಡಯ್ಯ, ಚೆಲುವಮ್ಮ ಎಲ್ಲ ಸೇರಿದ್ದರು. ನಿಮ್ಮಪ್ಪ ಟವೆಲಿಗೆ ಕೈ ಹಾಕಿದ, ಬಾಯಿ ಮುಚ್ಚಿಕೊಳ್ಳಲು. ಕೆಂಚಮ್ಮ ನೆಟ್ಟಗೆ ಬಂದು ಟವೆಲು ತೆಗೆದು, ಒದ್ದೆಯಾಗಿದ್ದ ಕಲ್ಲಿನ ಮೆಟ್ಟಿಲ ಮೇಲೆ ಹಾಸಿ, "ಕೂತ್ಕಳಿ ರೈಟರಪ್ಪ" ಅಂದಳು. ಆಮೇಲೆ ಅವನಿಗೆ ಮುಚ್ಚಿಕೊಳ್ಳಲು ಏನೂ ಇರಲಿಲ್ಲ.

ಚೌಡಮ್ಮನ ಪಾಯಸಕ್ಕೆಂದು ಅಕ್ಕಿ ತಂದಿದ್ದೆ. ಸೇರು ಹಿಡಿದು ಐದು ಸುರಿದೆ, ಒಂದೊಂದಕ್ಕೆ ಒಂದೊಂದು ತುಂಡು. ಆದರೆ ಆಣೆ ಇದ್ದದ್ದು ತಪ್ಪಿಲ್ಲದೆ ಪೂರ್ತಿ ಪದ ಹೇಳುವುದಕ್ಕೆ. ಎದ್ದು ನಿಂತೆ, ಕಲ್ಲಿನ ಮೇಲೆ ಕೈಯಿಟ್ಟೆ, ಒಂದೇ ಉಸಿರಿಗೆ ಹೇಳಿದೆ. ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್! ಕಾಡಿನ ಆ ಕಡೆಗೂ ಕೇಳಿಸಿರಬೇಕು. ನಾಲ್ಕನೇ ಕ್ಲಾಸಿನವನು ಕಣಮ್ಮ ನಾನು. ಹೆಂಗಸರು ಕೂಗಿದರು, ಸಿಳ್ಳೆ ಹಾಕಿದವರು ಯಾರೋ ಗೊತ್ತಿಲ್ಲ, ಶೃತಿಯೇ ಇರಬೇಕು.

ನಿಮ್ಮಪ್ಪ ಎದ್ದ. ಅವನು ಪದ ಹೇಳಬೇಕೆಂದು ಆಣೆಯಲ್ಲಿ ಇರಲಿಲ್ಲ. ನನ್ನ ಕೈಯಿಂದ ಸೇರು ತೆಗೆದುಕೊಂಡ, ಎಡಗೈಯಲ್ಲಿ. ಅಕ್ಕಿ ಚೆಲ್ಲುತ್ತಿತ್ತು. ಫ್ಲಾಕ್ಸೀ. ನಾಸೀ. ನಿಹಿಲೀ. ಅಲ್ಲಿ ನಿಂತ. ಹೇಳಿಕೊಡಲು ನನ್ನ ನಾಲಿಗೆ ತುದಿಗೆ ಬಂತು, ಹಲ್ಲು ಕಚ್ಚಿ ಹಿಡಿದೆ. ಸೇರನ್ನು ಮತ್ತೆ ತುಂಬಿದ. "ಪಿಲೀ!" ಅಂದ. "ಫಿಕೇಷನ್!" ಅಂದ. ಹುಲಿ ದಾಟಿಬಿಟ್ಟ ಮಗಾ, ನಿಮ್ಮಪ್ಪ.

ಆಮೇಲೆ ಅರ್ಥ. ಅದೂ ಅಳತೆಯ ರಾಗದಲ್ಲೇ ಬಂತು. "ಕೆಲ್ಸಕ್ಕೆ… ಬಾರದ್ದು… ಅಂತಾ… ಎಣಿಸೋದೂ…"

ನನಗೆ ರಕ್ತ ತಲೆಗೇರಿತು. ಅರ್ಥ ಹೇಳಿಯಾಯಿತು, ಆಣೆ ಮುಗಿಯಿತು, ಇಪ್ಪತ್ತೆರಡು ವರ್ಷದ ಮೇಲೆ ಬಾಯಿ ಬಿಟ್ಟೆ. "ಅಂದ್ರೆ ನನ್ ಅಂದಾಜು ಕೆಲ್ಸಕ್ಕೆ ಬಾರದ್ದು ಅಂದೆಯೇನೋ, ಅಷ್ಟು ಜನದ ಮುಂದೆ? ಆಮೇಲೆ ತಪ್ಪಿದ್ದು ಎರಡೇ ಎರಡು ಮೂಟೆ!"

ಅವನು ತಲೆ ಅಲ್ಲಾಡಿಸಿ ಜೇಬಿನಿಂದ ಒಂದು ಕಾಗದ ತೆಗೆದ. ಎಡಗೈಯಲ್ಲಿ ಬರೆದದ್ದು, ಒಂದು ತಿಂಗಳು ಬರೆದನಂತೆ. ನನಗೆ ಕನ್ನಡಕ ಇರಲಿಲ್ಲ, ಶೃತಿ ಓದಿದಳು. ಆ ಕಾಗದ ನನ್ನ ಹತ್ತಿರವೇ ಇದೆ. ಕೊಡುವುದಿಲ್ಲ. ಹಾಗೇ ಇಳಿಸಿದ್ದೇನೆ:

"ನೀನು ಆರುನೂರ ನಲವತ್ತು ಅಂದೆ. ಸಾಹುಕಾರರು ನೆಂಟರಿಗೆ, ಇದು ಓದು ಬಾರದವನ ಅಂದಾಜು, ನಿಮ್ಮ ತಮಾಷೆಗೆ ಹೇಳಿಸಿದೆ ಅಂದರು. ನಾನು, ಸ್ವಾಮಿ ನೀವು ಮಾಡುತ್ತಿರುವುದು ಇದು ಎಂಬ ಅರ್ಥಕ್ಕೆ ಆ ಪದ ಒಂದನ್ನೇ ಹೇಳಿದೆ. ಅವರಿಗೆ ಹೇಳಿದ್ದು. ನಿನಗಲ್ಲ. ತಿಳಿಯುವ ಮಾತಿನಲ್ಲಿ ಹೇಳಿದ್ದರೆ ಅವತ್ತೇ ಕೆಲಸ ಹೋಗುತ್ತಿತ್ತು. ಅವರಿಗೆ ಅರ್ಥ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ತೋರಿಸಿಕೊಳ್ಳಬಾರದೆಂದು ನಕ್ಕರು. ಅವರು ನಕ್ಕದ್ದಕ್ಕೆ ಎಲ್ಲರೂ ನಕ್ಕರು. ಸಂಜೆ ನೀನು ಕೇಳಿದಾಗ ಸಾಹುಕಾರರ ಮಗ ಸ್ಟೋರಿನ ಒಳಗಿದ್ದ. ಹೆದರಿದೆ. ಆಮೇಲೆ ನನಗೂ ಹಟ ಬಂತು. ಪುಸ್ತಕ ನೋಡಿದೆನಲ್ಲ, ತಪ್ಪು ಅಲ್ಲೇ ಆಯಿತು. ನಿನ್ನ ಮುಖ ನೋಡಬೇಕಿತ್ತು."

ಓದು ಮುಗಿಸಿ ಶೃತಿ ಕಾಗದ ಮಡಿಸಿ ನನ್ನ ಕೈಗಿಟ್ಟಳು. ನಿಮ್ಮಪ್ಪ ಈ ಸಲ ನನ್ನ ಮುಖವನ್ನೇ ನೋಡುತ್ತಿದ್ದ. ನಾನೇ ಕಲ್ಲಿನ ಕಡೆ ತಿರುಗಿದೆ.

"ಮೂಟೆ ಅಂದಾಜು ಎರಡರಲ್ಲಿ ತಪ್ತು," ಎಂದಳು ಚೆಲುವಮ್ಮ, ಎಲ್ಲರಿಗೂ ಕೇಳುವ ಹಾಗೆ, "ಮನ್ಷನ ಅಂದಾಜು ಇಪ್ಪತ್ತೆಲ್ಡು ವರ್ಷ ತಪ್ಬುಟ್ರಿ ನೋಡಿ."

ಬೈಯುವುದೊಂದೇ ಬರುವುದು ನನಗೆ. ಅವನ ಮುಂದೆ ಹೋಗಿ ನಿಂತು ಕಿರುಚಿದೆ: "ಲೋ, ಒಂದು ದಿನ ಮನೆಗ್ ಬಂದು ಕನ್ನಡದಲ್ಲಿ ಒಂದ್ ಮಾತು ಹೇಳಕ್ಕೆ ಏನಾಗಿತ್ತೋ ನಿಂಗೆ? ಕೇಳ್ತೇನೋ ಮಾರಾಯ?"

ನಿಮ್ಮಪ್ಪ ನಕ್ಕ. ಬಾಯಿ ಪೂರ್ತಿ ಸೊಟ್ಟಗೆ ಹೋಯಿತು, ಮುಚ್ಚಿಕೊಳ್ಳಲಿಲ್ಲ. ಗುಂಡಯ್ಯನ ಕಡೆ ತಿರುಗಿದ. ರಾಗವಿಲ್ಲ, ಸೇರಿಲ್ಲ, ಬರೀ ಮಾತು. ನಿಧಾನಕ್ಕೆ, ಒಂದೂ ತಪ್ಪಿಲ್ಲದೆ:

"ಗುಂಡಯ್ಯ, ಮೇಸ್ತ್ರಿಗೆ ಹೇಳು. ಕೇಳ್ತು ಅಂತ."

ಅಷ್ಟೂ ಜನ ಹುಚ್ಚರ ಹಾಗೆ ಕೂಗಿದರು. ಗುಂಡಯ್ಯನಿಗೆ ಕಿವಿ ಕೇಳದು, ಆದರೆ ತುಟಿ ನೋಡಿದ. ಸೆಟೆದು ನಿಂತು ನನಗೆ ಹೇಳಿದ, "ಕೇಳ್ತಂತೆ ಮೇಸ್ತ್ರೀ." ಹೇಳಿದವನೇ ಅಳುವುದಕ್ಕೆ ಶುರು ಮಾಡಿದ. ನಾವಿಬ್ಬರೂ ಎರಡು ಕಾಯಿ ಒಡೆದೆವು. ಅವನ ಕಾಯಿಗೆ ನಾನೂ ಒಂದು ಕೈ ಕೊಟ್ಟೆ, ಅವನು ಕಲ್ಲಿಗೆ ಕುಟ್ಟಿದ. ಚೆನ್ನಾಗಿ ಎರಡು ಹೋಳಾಯಿತು.

ಪಾಯಸ ಎರಡು ಲೋಟ ಕುಡಿದ. ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಕೇಳಲು ಮರೆತೆ. ಇದ್ದರೆ ಬೈದುಕೊಳ್ಳಿ.

ಇನ್ನು ಕೆಲಸದ ಮಾತು, ಇದನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳು. ಮೊನ್ನೆ ಊಟವಾದ ಮೇಲೆ ಇಬ್ಬರೂ ತೋಟ ಸುತ್ತಿದೆವು, ಅವನು ಜೀಪಿನಲ್ಲಿ, ನಾನು ಪಕ್ಕದಲ್ಲಿ ನಡೆದು. ಕೊಂಬೆ ಬಗ್ಗಿಸಿ ಕೊಟ್ಟೆ, ಕೈಯಲ್ಲಿ ಮುಟ್ಟಿ ನೋಡಿದ. ಈ ವರ್ಷದ ಫಸಲಿನ ಅಂದಾಜು ಶೃತಿಯ ಕಂಪ್ಯೂಟರು ಒಂದು ಹೇಳಿದೆ, ಬಾಯಿಗೆ ಬಂದದ್ದು. ನನ್ನದು ಬರೆದು, ಕವರಿಗೆ ಅಂಟು ಹಾಕಿ ಸ್ಟೋರಿನಲ್ಲಿ ಇಟ್ಟಿದ್ದೇನೆ. ಅವನದೂ ಬೇಕು. ಫೋನಿನಲ್ಲಿ ಹೇಳಿದರೆ ನಾಳೆ ಹಾಗೆ ಅಂದೇ ಇಲ್ಲ ಅನ್ನುತ್ತಾನೆ, ಅವನ ಬುದ್ಧಿ ನನಗೆ ಗೊತ್ತು. ಕಾಗದದಲ್ಲಿ ಬೇಕು, ಅವನದೇ ಎಡಗೈ ಅಕ್ಷರದಲ್ಲಿ ಬೇಕು, ಎಷ್ಟು ಮೂಟೆ ಎಂದು ಕನ್ನಡದಲ್ಲಿ ಬೇಕು. ನೀನು ಕೊಟ್ಟುಹೋದ ಕವರಿನಲ್ಲಿ ಒಂದು ಒಳಗಿಟ್ಟಿದ್ದೇನೆ, ಸ್ಟಾಂಪು ಅದಕ್ಕೇ ಇದೆ. ನವೆಂಬರ್ ಹತ್ತನೇ ತಾರೀಕಿನೊಳಗೆ ನನ್ನ ಕೈ ಸೇರಬೇಕು.

ರಂಗಸ್ವಾಮಿ, ಮೇಸ್ತ್ರಿ